ಭುಜಕ್ಕೊಪ್ಪುವ ಕೋವಿ

ಉಪಕರಣವು ಮನುಷ್ಯನಿಗೆ ಒಗ್ಗಬೇಕೋ, ಮನುಷ್ಯನು ಉಪಕರಣಕ್ಕೆ ಒಗ್ಗಬೇಕೋ ಎಂಬ ಪ್ರಶ್ನೆ ಬಹಳ ಹಳೆಯದು. ನಮ್ಮ ಹಿಂದಿನವರು ಬಿಲ್ಲಿನ ಅಳತೆ ನಾಲ್ಕು ಹಸ್ತವೆಂದರು; ಧನುಸ್ಸೆಂಬುದೇ ನೆಲವನ್ನಳೆಯುವ ಒಂದು ಮಾನವೂ ಆಯಿತು. ಹಸ್ತವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಅಂದಮೇಲೆ ಬಿಲ್ಲನ್ನು ಅಳೆದ ಕೋಲು ಮನುಷ್ಯನ ಮೈಯೇ ಹೊರತು ಬೇರೆಯಲ್ಲ. ನೇಗಿಲಿನ ಮೇಣಿಯನ್ನು ಉಳುವವನ ಎತ್ತರಕ್ಕೆ ತಕ್ಕಂತೆ ಕೂರಿಸುವ ಹಳ್ಳಿಯ ಬಡಗಿಗೂ ಈ ತತ್ತ್ವ ತಿಳಿದದ್ದೇ. ಯಂತ್ರದ ಕಾಲದಲ್ಲಿ ಸಾವಿರಗಟ್ಟಲೆ ಕೋವಿಗಳು ಒಂದೇ ಅಚ್ಚಿನಲ್ಲಿ ತಯಾರಾಗತೊಡಗಿದಾಗ ಮಾತ್ರ ಅದು ಸ್ವಲ್ಪ ಮರೆಗೆ ಸರಿಯಿತು.

ಕೋವಿ ಎಂಬ ನಮ್ಮ ಮಾತಿಗೆ ಕೊಳವೆ ಎಂಬ ಅರ್ಥವುಂಟು. ಹೆಸರೇನೋ ನಳಿಗೆಗೆ ಸಂದಿದೆ. ಆದರೆ ಗುರಿ ಗೆಲ್ಲುವುದರಲ್ಲಿ ಅರ್ಧಪಾಲು ನಳಿಗೆಯ ಹಿಂದಿರುವ ಮರದ ಹಿಡಿಯದು, ಆ ಹಿಡಿ ಆನಿಕೊಳ್ಳುವ ಭುಜದ್ದು, ಅದಕ್ಕೊರಗುವ ಕೆನ್ನೆಯದು. ಈ ಮಾತನ್ನು ವಿವರಿಸುವುದಕ್ಕೆ ಅರೆ ಸ್ವಯಂಚಾಲಿತ ಬೇಟೆಯ ರೈಫಲ್ಲಿಗಿಂತ ಒಳ್ಳೆಯ ಉದಾಹರಣೆ ಬೇರೆ ಸಿಗಲಾರದು.

ಮೊದಲಿಗೆ ಒಂದು ಸ್ಪಷ್ಟನೆ ಅವಶ್ಯ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಲೂ ಅದರ 1991ರ ತಿದ್ದುಪಡಿಯಿಂದಲೂ ಮನರಂಜನೆಯ ಬೇಟೆ ನಿಂತುಹೋಗಿದೆ. ನಾವಿಲ್ಲಿ ಹೇಳುವ ರೈಫಲ್ಲಿನ ನೆಲೆ ಅಮೆರಿಕ ಮತ್ತು ಯುರೋಪು. ಅಲ್ಲಿ ಜಿಂಕೆ, ಕಡವೆಯಂಥ ಎಲ್ಕ್, ಕಾಡುಹಂದಿ ಮೊದಲಾದುವನ್ನು ನಿಯಮಿತ ಋತುವಿನಲ್ಲಿ, ಪರವಾನಗಿ ಪಡೆದು ಬೇಟೆಯಾಡುವ ಪದ್ಧತಿ ಇಂದಿಗೂ ಇದೆ.

ಅರೆ ಸ್ವಯಂಚಾಲಿತವೆಂದರೇನು? ಸಾಧಾರಣ ರೈಫಲ್ಲಿನಲ್ಲಿ ಒಂದು ಗುಂಡು ಹಾರಿದಮೇಲೆ ಬೇಟೆಗಾರನು ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಖಾಲಿ ತೋಟೆಯನ್ನು ಹೊರಹಾಕಬೇಕು. ಮುಂದಕ್ಕೆ ತಳ್ಳಿ ಹೊಸ ತೋಟೆಯನ್ನು ಒಳಗೆ ಕೂರಿಸಬೇಕು. ಅರೆ ಸ್ವಯಂಚಾಲಿತದಲ್ಲಿ ಆ ಕೆಲಸವನ್ನು ಗುಂಡಿನ ಶಕ್ತಿಯೇ ಮಾಡಿಬಿಡುತ್ತದೆ. ಆದರೂ ಟ್ರಿಗರನ್ನು ಒಂದು ಸಲ ಎಳೆದರೆ ಒಂದೇ ಗುಂಡು. ಮತ್ತೊಂದಕ್ಕೆ ಬೆರಳನ್ನು ಬಿಟ್ಟು ಮತ್ತೆ ಎಳೆಯಬೇಕು. ‘ಅರೆ’ ಎಂಬ ವಿಶೇಷಣ ಬಂದದ್ದು ಇದರಿಂದಲೇ.

ಇದನ್ನು ಬೇಟೆಗಾರರ ಕೈಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಯೂಟಾ ಪ್ರಾಂತದ ಜಾನ್ ಬ್ರೌನಿಂಗ್. 1855ರಲ್ಲಿ ಆಗ್ಡನ್ ಎಂಬ ಊರಿನಲ್ಲಿ ಹುಟ್ಟಿದ ಈತ ಕೋವಿ ಮಾಡುವವನ ಮಗ. ಈತನ ವಿನ್ಯಾಸದ ರೈಫಲ್ಲೊಂದನ್ನು ರೆಮಿಂಗ್ಟನ್ ಕಂಪನಿ 1906ರಲ್ಲಿ ಮಾರುಕಟ್ಟೆಗೆ ತಂದಿತು. 1926ರಲ್ಲಿ ಈತ ತೀರಿಕೊಂಡದ್ದು ಬೆಲ್ಜಿಯಮ್ಮಿನಲ್ಲಿ, ತನ್ನ ಕೆಲಸದ ನಡುವೆಯೇ. ಆತನ ಹೆಸರಿನ ಮನೆತನದ ಕಂಪನಿ 1967ರಲ್ಲಿ ಹೊರತಂದ ‘ಬಾರ್’ ಎಂಬ ಬೇಟೆಯ ರೈಫಲ್ ಸುಧಾರಿಸಿದ ರೂಪಗಳಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ಇದರ ನಳಿಗೆಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಗುಂಡು ಅದನ್ನು ದಾಟಿದೊಡನೆ ಹಿಂದಿನ ಬಿಸಿ ಅನಿಲದ ಸ್ವಲ್ಪ ಭಾಗ ಆ ರಂಧ್ರದ ಮೂಲಕ ಕೆಳಗಿಳಿದು ಒಂದು ಕೊಂತವನ್ನು ಹಿಂದಕ್ಕೆ ತಳ್ಳುತ್ತದೆ. ಕೊಂತವು ಬೋಲ್ಟನ್ನು ಬಿಡಿಸುತ್ತದೆ. ಖಾಲಿ ತೋಟೆ ಹೊರಕ್ಕೆ ಚಿಮ್ಮುತ್ತದೆ. ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ದೂಡುವಾಗ ಹೊಸ ತೋಟೆ ಒಳಸೇರುತ್ತದೆ. ಇಷ್ಟೆಲ್ಲವೂ ಕಣ್ಣುಮಿಟುಕಿಸುವುದರೊಳಗೆ.

ಈಗ ಕೋವಿಯ ಒದೆತದ ವಿಚಾರಕ್ಕೆ ಬರೋಣ. ಕೋವಿ ಏಕೆ ಒದೆಯುತ್ತದೆಂಬುದನ್ನು ಪ್ರೌಢಶಾಲೆಯ ಲೆಕ್ಕದಿಂದಲೇ ತಿಳಿಯಬಹುದು. 10 ಗ್ರಾಮ್ ತೂಕದ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಮುಂದಕ್ಕೆ ಹೋಯಿತೆನ್ನಿ. 4 ಕಿಲೋಗ್ರಾಮ್ ತೂಕದ ಕೋವಿ, ಆ ಗುಂಡೊಂದರ ಲೆಕ್ಕಕ್ಕೇ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದಕ್ಕೆ ಬರಬೇಕು. ನಳಿಗೆಯಿಂದ ನುಗ್ಗುವ ಅನಿಲದ ಪಾಲು ಇದರ ಮೇಲೆ. ಕೋವಿ 3 ಕಿಲೋಗ್ರಾಮಿನದಾದರೆ ಗುಂಡಿನ ಪಾಲೇ ಎರಡೂವರೆ ಮೀಟರನ್ನು ಮೀರುತ್ತದೆ. ಆದುದರಿಂದ ಹಗುರವಾದ ಕೋವಿ ಹೊರುವುದಕ್ಕೆ ಹಿತ, ಹಾರಿಸುವುದಕ್ಕೆ ಅಹಿತ. ಅರೆ ಸ್ವಯಂಚಾಲಿತವು ಈ ಲೆಕ್ಕವನ್ನು ಸುಳ್ಳುಮಾಡಲಾರದು. ಆದರೆ ಒಂದೇ ಏಟಿನಲ್ಲಿ ಬರಬೇಕಾದ ಒದೆತವನ್ನು ಅದರ ಚಲಿಸುವ ಭಾಗಗಳೂ ಸ್ಪ್ರಿಂಗೂ ಸ್ವಲ್ಪ ಹೆಚ್ಚಿನ ಕಾಲಕ್ಕೆ ಹರಡುತ್ತವೆ. ಗುದ್ದು ಹೋಗಿ ನೂಕು ಆಗುತ್ತದೆ. ಭುಜಕ್ಕೆ ಅದೇ ದೊಡ್ಡ ಉಪಕಾರ.

ಹಾಗೆಂದು ಈ ಯಂತ್ರವನ್ನು ಕೊಂಡ ಮಾತ್ರಕ್ಕೆ ಸುಖವೂ ಗುರಿಯೂ ಕೈಗೂಡುವುದಿಲ್ಲ. ಅಂಗಡಿಯಲ್ಲಿ ನೀವು ಮೊದಲು ನೋಡತಕ್ಕದ್ದು ಹಿಡಿಯ ಉದ್ದ. ಎಂದರೆ ಟ್ರಿಗರಿನಿಂದ ಹಿಡಿಯ ಹಿಂತುದಿಯವರೆಗಿನ ಅಳತೆ. ಇದು ಸಾಮಾನ್ಯವಾಗಿ 34ರಿಂದ 37 ಸೆಂಟಿಮೀಟರ್ ಇರುತ್ತದೆ. ಹಿಂತುದಿಯನ್ನು ಮೊಣಕೈಯ ಮಡಿಕೆಗೆ ಇಟ್ಟು ಬೆರಳು ಟ್ರಿಗರಿಗೆ ಎಟಕುವುದೇ ಎಂದು ನೋಡುವುದು ವ್ಯಾಪಾರಿಗಳ ವಾಡಿಕೆ. ಅದು ಬರಿಯ ಅಂದಾಜು. ನಿಜವಾದ ಪರೀಕ್ಷೆಯೆಂದರೆ ಕೋವಿಯನ್ನು ಭುಜಕ್ಕೇರಿಸಿ ನೋಡುವುದೇ. ಹಾಗೆ ಏರಿಸಿದಾಗ ಹಿಡಿಯನ್ನು ಹಿಡಿದ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಮೂರು ಬೆರಳಿನ ಅಂತರವಿರಬೇಕು. ಅಂತರ ಕಡಮೆಯಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಹಿಡಿ ಬಲು ಉದ್ದವಾದರೆ ಕಂಕುಳಿನ ಬಟ್ಟೆಗೆ ಸಿಕ್ಕಿಕೊಂಡು ಕೋವಿ ಹೊತ್ತಿಗೆ ಸರಿಯಾಗಿ ಮೇಲೇಳುವುದೇ ಇಲ್ಲ. ಚಳಿದೇಶದ ಬೇಟೆಗಾರರು ದಪ್ಪ ಉಣ್ಣೆಯ ಅಂಗಿಯನ್ನು ತೊಟ್ಟೇ ಅಳತೆ ನೋಡಬೇಕೆನ್ನುವುದು ಇದಕ್ಕಾಗಿ. ಬೇಸಗೆಯಲ್ಲಿ ಒಪ್ಪಿದ ಹಿಡಿ ಚಳಿಗಾಲದಲ್ಲಿ ಉದ್ದವಾಗಿಬಿಡುತ್ತದೆ.

ಎನ್.ಸಿ.ಸಿ. ಹುಡುಗರು .22 ರೈಫಲ್ಲಿನಲ್ಲಿ ಗುರಿಯ ಅಭ್ಯಾಸ ಮಾಡುವುದನ್ನು ನೀವು ಕಂಡಿದ್ದರೆ ಈ ಮಾತು ಥಟ್ಟನೆ ಮನಸ್ಸಿಗೆ ಬರುತ್ತದೆ. ಎಲ್ಲರಿಗೂ ಒಂದೇ ಅಳತೆಯ ಕೋವಿ. ಎತ್ತರದ ಹುಡುಗನು ಕತ್ತನ್ನು ಕುಗ್ಗಿಸಿಕೊಳ್ಳುತ್ತಾನೆ. ಗಿಡ್ಡ ಹುಡುಗನು ಕತ್ತನ್ನು ಚಾಚುತ್ತಾನೆ. ಇಬ್ಬರ ಗುಂಡೂ ದಾರಿ ತಪ್ಪಿದರೆ ಅದು ಅವರ ಕಣ್ಣಿನ ದೋಷವೇ ಆಗಿರಬೇಕಾಗಿಲ್ಲ.

ಎರಡನೆಯದು ಕೆನ್ನೆ ಒರಗುವ ಮೇಲಂಚಿನ ಎತ್ತರ. ನಳಿಗೆಯ ಮೇಲಿನ ಮೊಳೆಯಿಂದ ಗುರಿ ನೋಡುವುದಕ್ಕೆ ತಗ್ಗಾದ ಅಂಚು ಸಾಕು. ಅದರ ಮೇಲೆ ದುರ್ಬೀನು ಕೂರಿಸಿದರೆ ನೋಟದ ರೇಖೆ ಮೇಲೇರುತ್ತದೆ; ಕೆನ್ನೆಯೂ ಮೇಲೇರಬೇಕಾಗುತ್ತದೆ. ಆಗ ಅಂಚು ತಗ್ಗಾಗಿದ್ದರೆ ಕೆನ್ನೆ ಮರವನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಪ್ರತಿಸಲವೂ ಕಣ್ಣು ಬೇರೆ ಬೇರೆ ಕಡೆಯಿಂದ ನೋಡುತ್ತದೆ. ಚರ್ಮದ ದಿಂಬನ್ನು ಕಟ್ಟಿಯೋ, ಏರಿಸಿ ಇಳಿಸುವ ಕೆನ್ನೆಹಲಗೆಯಿಂದಲೋ ಇದನ್ನು ಸರಿಪಡಿಸಬಹುದು. ಪರೀಕ್ಷೆ ಬಹಳ ಸುಲಭ. ತೋಟೆಯಿಲ್ಲವೆಂಬುದನ್ನು ಖಚಿತಮಾಡಿಕೊಂಡು, ಕಣ್ಣು ಮುಚ್ಚಿ, ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಒರಗಿಸಿ, ಬಳಿಕ ಕಣ್ಣು ತೆರೆಯಿರಿ. ದುರ್ಬೀನಿನ ವೃತ್ತ ಪೂರ್ಣವಾಗಿ ಬೆಳಗಿ ಕಂಡರೆ ಹಿಡಿ ನಿಮ್ಮದು. ಅಂಚಿನಲ್ಲಿ ಕರಿಯ ಚಂದ್ರಕಲೆ ಕಂಡರೆ ಹಿಡಿಯನ್ನೋ ದುರ್ಬೀನನ್ನೋ ಸರಿಸಬೇಕು. ದುರ್ಬೀನಿಗೂ ಕಣ್ಣಿಗೂ ಎಂಟು ಹತ್ತು ಸೆಂಟಿಮೀಟರ್ ಅಂತರ ಬೇಕು. ಇಲ್ಲದಿದ್ದರೆ ಅದು ಹುಬ್ಬನ್ನು ಸೀಳೀತು.

ಮೂರನೆಯದು ಹಿಡಿಯ ಓರೆ. ನಮ್ಮ ಕಣ್ಣು ಭುಜದ ನೇರಕ್ಕಿಲ್ಲ, ಒಳಸರಿದಿದೆ. ಆದಕಾರಣ ಬಲಗೈಯವರ ಹಿಡಿ ಕೂದಲೆಳೆಯಷ್ಟು ಬಲಕ್ಕೆ, ಎಡಗೈಯವರದು ಎಡಕ್ಕೆ ವಾಲಿರಬೇಕು. ಹಿಂತುದಿಯ ಇಳಿಜಾರನ್ನೂ ನೋಡಬೇಕು. ಅದು ಪೂರ್ತಿಯಾಗಿ ಭುಜದ ಮೇಲೆ ಕೂರಬೇಕೇ ಹೊರತು ಕೆಳಮೂಲೆಯೊಂದೇ ಎದೆಗೆ ಚುಚ್ಚಬಾರದು. ಹೆಂಗಸರಿಗೆ ಈ ತೊಂದರೆ ವಿಶೇಷ. ಈಗಿನ ಹಲವು ಕೋವಿಗಳೊಡನೆ ತೆಳುವಾದ ಬಿಲ್ಲೆಗಳನ್ನು ಕೊಡುತ್ತಾರೆ. ಹಿಡಿಯೂ ಯಂತ್ರಭಾಗವೂ ಕೂಡುವೆಡೆಯಲ್ಲಿ ಅವನ್ನು ಬದಲಾಯಿಸಿ ಎತ್ತರವನ್ನೂ ಓರೆಯನ್ನೂ ಹೊಂದಿಸಬಹುದು. ಇಲ್ಲಿ ಅರೆ ಸ್ವಯಂಚಾಲಿತದ್ದೇ ಒಂದು ತೊಡಕುಂಟು. ಕೆಲವು ಮಾದರಿಗಳಲ್ಲಿ ಬೋಲ್ಟನ್ನು ಮುಂದೂಡುವ ಸ್ಪ್ರಿಂಗು ಹಿಡಿಯ ಒಳಗೇ ಇರುತ್ತದೆ. ಅಂಥ ಹಿಡಿಯನ್ನು ಬಡಗಿಗೆ ಕೊಟ್ಟು ಮನಬಂದಂತೆ ಕೊಯ್ಯಿಸುವಂತಿಲ್ಲ. ಆದುದರಿಂದ ಸರಿಪಡಿಸುವ ಅವಕಾಶವೆಷ್ಟೆಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಎಡಗೈಯವರು ಇನ್ನೊಂದು ಮಾತನ್ನೂ ಕೇಳಬೇಕು: ಖಾಲಿ ತೋಟೆ ಬಲಕ್ಕೆ ಚಿಮ್ಮುವ ಕೋವಿಯಲ್ಲಿ ಅದು ಅವರ ಮುಖದೆದುರೇ ಹಾಯುತ್ತದೆ.

ಟ್ರಿಗರಿನ ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. ಅರೆ ಸ್ವಯಂಚಾಲಿತಗಳ ಟ್ರಿಗರು ಎರಡು ಎರಡೂವರೆ ಕಿಲೋಗ್ರಾಮಿನ ಎಳೆತ ಬೇಡುವುದುಂಟು. ಒಂದು ಎಳೆತಕ್ಕೆ ಒಂದೇ ಗುಂಡೆಂಬ ನಿಯಮವನ್ನು ಕಾಯುವ ಕೀಲು ಅದರಲ್ಲೇ ಇರುವುದರಿಂದ ಅದನ್ನು ಮನೆಯಲ್ಲಿ ಅರದಿಂದ ಉಜ್ಜಿ ಹಗುರಗೊಳಿಸುವುದು ಅಪಾಯ. ಬಯಸದ ಎರಡನೆಯ ಗುಂಡು ಹಾರಿಬಿಡಬಹುದು. ಅದು ಬಲ್ಲ ಕಮ್ಮಾರನ ಕೆಲಸ. ನೆನಪಿಡತಕ್ಕ ಇನ್ನೊಂದು ಸಂಗತಿ: ಒಂದು ಗುಂಡು ಹಾರಿದೊಡನೆ ಈ ಕೋವಿ ಮತ್ತೆ ಸಜ್ಜಾಗಿ ನಿಂತಿರುತ್ತದೆ. ಮೃಗ ಬಿತ್ತೆಂದು ಓಡುವ ಮೊದಲು ತಡೆಗೀಲನ್ನು ಹಾಕಬೇಕು.

ತೋಟೆಯ ಆಯ್ಕೆಯಲ್ಲಿ ದೊಡ್ಡದೇ ಲೇಸೆಂಬುದು ಭ್ರಮೆ. 1906ರ .30-06 ತೋಟೆ ಬಲವಾದದ್ದು, ಒದೆತವೂ ಹೆಚ್ಚು. 1955ರ .243 ಚಿಕ್ಕದು, ಸೌಮ್ಯವಾದದ್ದು. ಜಿಂಕೆಯ ಗಾತ್ರದ ಪ್ರಾಣಿಗೆ ಸಾಕು. ತಾಳಲಾರದ ಒದೆತ ಮನಸ್ಸಿನಲ್ಲಿ ಭಯವನ್ನು ಬಿತ್ತುತ್ತದೆ. ಭಯ ಬಂದವನು ಟ್ರಿಗರು ಎಳೆಯುವ ಗಳಿಗೆಯಲ್ಲಿ ತನಗರಿಯದೆಯೇ ಕಣ್ಣು ಮುಚ್ಚಿ ನಳಿಗೆಯನ್ನು ತಗ್ಗಿಸುತ್ತಾನೆ. ಇದನ್ನು ಕಂಡುಹಿಡಿಯುವ ಉಪಾಯವೊಂದಿದೆ. ಗೆಳೆಯನೊಬ್ಬನು ನಿಮಗೆ ತಿಳಿಸದೆ ಹುಸಿ ತೋಟೆಯೊಂದನ್ನು ಸೇರಿಸಿ ಕೊಡಲಿ. ಶಬ್ದವಿಲ್ಲದೆ ‘ಟಿಕ್’ ಎಂದಾಗ ನಳಿಗೆ ಅಲುಗಿತೋ, ದೋಷ ಕೋವಿಯದಲ್ಲ. ಭಯಕ್ಕೆ ಶಬ್ದವೂ ಕಾರಣ. ರೈಫಲ್ಲಿನ ಸದ್ದು 140 ಡೆಸಿಬೆಲ್ಲನ್ನು ಮೀರುತ್ತದೆ. ಒಂದೇ ಸಲಕ್ಕೆ ಕಿವಿಗೆ ಕೇಡಾದೀತು. ಕಿವಿಗೆ ಕಾಪು ಹಾಕಿಕೊಳ್ಳುವುದು ಗುರಿಗೂ ಔಷಧ.

ಇಷ್ಟಾದಮೇಲೆ ಗುರಿಹಲಗೆ. ಚೀಲದ ಮೇಲೆ ಕೋವಿಯನ್ನಿರಿಸಿ 100 ಮೀಟರಿನಿಂದ ಮೂರು ಮೂರು ಗುಂಡು ಹಾರಿಸಿ, ನಳಿಗೆ ಆರಲು ಬಿಟ್ಟು, ಮತ್ತೆ ಹಾರಿಸಬೇಕು. ಕಾದ ನಳಿಗೆ ಸುಳ್ಳು ಹೇಳುವುದುಂಟು. ದುರ್ಬೀನಿನ ತಿರುಗಣೆಯ ಒಂದು ‘ಟಿಕ್’, ಕಾಲು ಮಿನಿಟಿನ ಮಾದರಿಯಲ್ಲಿ, ಆ ದೂರಕ್ಕೆ ಸುಮಾರು 7 ಮಿಲಿಮೀಟರ್ ಸರಿಸುತ್ತದೆ. ಬೇರೆ ಬೇರೆ ತೂಕದ ಗುಂಡುಗಳನ್ನು ಪರೀಕ್ಷಿಸಿ, ಯಾವುದು ಒತ್ತಾಗಿ ಬೀಳುವುದೋ, ಯಾವುದನ್ನು ಯಂತ್ರ ತಡೆಯಿಲ್ಲದೆ ಉಣ್ಣುವುದೋ ಅದನ್ನೇ ಉಳಿಸಿಕೊಳ್ಳಬೇಕು. ಅನಿಲದ ರಂಧ್ರವನ್ನೂ ಕೊಂತವನ್ನೂ ಮಸಿ ಕಟ್ಟದಂತೆ ಶುಚಿಯಾಗಿಡಬೇಕು.

ಮೂರು ಗುಂಡುಗಳು ಐದಾರು ಸೆಂಟಿಮೀಟರಿನೊಳಗೆ ಬಿದ್ದರೆ ಬೇಟೆಯ ಕೋವಿಗೆ ಅದು ಒಳ್ಳೆಯ ಫಲವೇ. ಜಿಂಕೆಯ ಹೃದಯ-ಶ್ವಾಸಕೋಶಗಳ ಸ್ಥಾನ ಸುಮಾರು 20 ಸೆಂಟಿಮೀಟರಿನ ವೃತ್ತ. ಫಿನ್‌ಲೆಂಡಿನಲ್ಲಿ ಎಲ್ಕ್ ಬೇಟೆಗೆ ಹೊರಡುವವನು ಮೊದಲು 75 ಮೀಟರಿನಿಂದ ನಾಲ್ಕು ಗುಂಡುಗಳನ್ನು 23 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ಹೊಡೆದು ತೋರಿಸಬೇಕು; ಮೂರು ವರ್ಷಕ್ಕೊಮ್ಮೆ ಈ ಪರೀಕ್ಷೆ. ಜರ್ಮನಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ತುಂಬಿದ ಅರೆ ಸ್ವಯಂಚಾಲಿತದಿಂದ ಮೃಗಕ್ಕೆ ಹೊಡೆಯುವಂತಿಲ್ಲ. ಎರಡನೆಯ ಗುಂಡು ಬೇಗ ಸಿಗುವುದೆಂಬ ಧೈರ್ಯ ಮೊದಲನೆಯದರ ಬಗ್ಗೆ ಅಲಕ್ಷ್ಯ ತಾರದಿರಲೆಂಬ ವಿವೇಕ ಇಂಥ ನಿಯಮಗಳಲ್ಲಿ ಕಾಣುತ್ತದೆ.

ನಮ್ಮ ನಾಡಿನಲ್ಲೂ ಈ ವಿದ್ಯೆಗೆ ಪ್ರಾಣಹಿಂಸೆಯಿಲ್ಲದ ನೆಲೆಗಳಿವೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಆಯುಧಗಳಿಗೆ ಪೂಜೆ ಸಲ್ಲಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಕಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಗಾಳಿಯ ರೈಫಲ್ಲಿನಿಂದ. ಅಂಥ ಪಂದ್ಯದ ರೈಫಲ್ಲುಗಳಲ್ಲಿ ಹಿಡಿಯ ಉದ್ದ, ಕೆನ್ನೆಹಲಗೆ, ಭುಜದ ತಟ್ಟೆ ಎಲ್ಲವೂ ತಿರುಪಿನಿಂದ ಹೊಂದುವಂಥವು.

ತೆಂಗಿನಕಾಯಿಗೆ ಗುರಿ ತಪ್ಪಿದರೆ ನಗು. ಹಲಗೆಗೆ ತಪ್ಪಿದರೆ ಒಂದು ಅಂಕದ ನಷ್ಟ. ಪ್ರಾಣಿಗೆ ತಪ್ಪಿದರೆ ಹಾಗಲ್ಲ. ಹೊಟ್ಟೆಗೋ ಕಾಲಿಗೋ ಗುಂಡು ತಗುಲಿದ ಜಿಂಕೆ ಪೊದೆಯಿಂದ ಪೊದೆಗೆ ನರಳುತ್ತ ಹೋಗಿ ಗಂಟೆಗಟ್ಟಲೆ ಸಾಯುತ್ತದೆ. ಹಿಡಿಯ ಒಂದು ಬೆರಳುದ್ದದ ತಪ್ಪಿಗೆ ದಂಡ ತೆರುವುದು ಹೊಡೆದವನಲ್ಲ. ಆದುದರಿಂದ ಕೋವಿಯನ್ನು ಮೈಗೆ ಹೊಂದಿಸಿಕೊಳ್ಳುವುದು ಸುಖಲೋಲುಪತೆಯಲ್ಲ. ಬೇಟೆಗೆ ಅನುಮತಿಯಿರುವ ನಾಡುಗಳಲ್ಲಿ ಬೇಟೆಗಾರನು ಮೃಗಕ್ಕೆ ಸಲ್ಲಿಸಬೇಕಾದ ಮೊದಲನೆಯ ಋಣ ಅದು.