ದೇಹವಿಲ್ಲದ ಪ್ರತಿವಾದಿ

ನ್ಯಾಯಸ್ಥಾನದ ಸಮನ್ಸು ಒಬ್ಬ ಮನುಷ್ಯನಿಗೆ ಮುಟ್ಟಿತೆ ಇಲ್ಲವೆ ಎಂದು ನಿರ್ಣಯಿಸುವುದು ಅಷ್ಟು ಕಷ್ಟವಲ್ಲ. ಅವನಿಗೆ ಮನೆಯುಂಟು, ಮುಖವುಂಟು, ರುಜು ಹಾಕುವ ಕೈಯುಂಟು. ಕಂಪನಿಯೆಂಬ ವ್ಯಕ್ತಿಗೆ ಇವೊಂದೂ ಇಲ್ಲ. ಅದು ಕಾನೂನಿನ ಕಲ್ಪನೆಯಲ್ಲಿ ಹುಟ್ಟಿದುದು. ಆಸ್ತಿಯನ್ನು ಸಂಪಾದಿಸಬಲ್ಲುದು, ದಾವೆ ಹೂಡಬಲ್ಲುದು. ಆದರೆ ಬಾಗಿಲಿಗೆ ಬಂದು ಕಾಗದವನ್ನು ತೆಗೆದುಕೊಳ್ಳಲಾರದು. ಹಾಗಾದರೆ ಅಮೀನನು ಸಮನ್ಸನ್ನು ಯಾರ ಕೈಗೆ ಕೊಡಬೇಕು?

ಇದು ವಕೀಲರ ಚಿಂತೆಯೆಂದು ವಾಚಕರು ಪುಟ ತಿರುವಬಾರದು. ಠೇವಣಿಯನ್ನು ಹಿಂದಿರುಗಿಸದ ಕಂಪನಿಯ ಮೇಲೆ ದಾವೆ ಹೂಡಿ, ವರ್ಷಗಟ್ಟಲೆ ಕಾದು ಡಿಕ್ರಿ ಪಡೆದ ಗೃಹಸ್ಥನು, ಸಮನ್ಸು ಸರಿಯಾಗಿ ಜಾರಿಯಾಗಲಿಲ್ಲವೆಂಬ ಒಂದೇ ಕಾರಣದಿಂದ ಅದನ್ನು ಕಳೆದುಕೊಂಡು ಮೊದಲಿನಿಂದ ಆರಂಭಿಸಬೇಕಾಗಬಹುದು.

ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರವನ್ನು ಚತುಷ್ಪಾದವೆಂದು ಕರೆದರು: ಭಾಷೆ, ಉತ್ತರ, ಕ್ರಿಯೆ, ನಿರ್ಣಯ. ಕರೆಯೇ ಮುಟ್ಟದಿದ್ದರೆ ಉತ್ತರವೆಂಬ ಎರಡನೆಯ ಪಾದವು ಊರುವುದೆಂತು? ಈ ತತ್ತ್ವವನ್ನು ಇಂದಿನ ಕಾನೂನೂ ಬಿಟ್ಟಿಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 29ನೆಯ ಆದೇಶದ 2ನೆಯ ನಿಯಮವು ಎರಡು ಮಾರ್ಗಗಳನ್ನು ಹೇಳುತ್ತದೆ. ಕಂಪನಿಯ ಕಾರ್ಯದರ್ಶಿ, ನಿರ್ದೇಶಕ ಅಥವಾ ಬೇರೊಬ್ಬ ಪ್ರಧಾನ ಅಧಿಕಾರಿಗೆ ಸಮನ್ಸನ್ನು ಕೊಡುವುದು ಒಂದು. ನೋಂದಾಯಿತ ಕಚೇರಿಯಲ್ಲಿ ಅದನ್ನು ಬಿಡುವುದು, ಇಲ್ಲವೆ ಆ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸುವುದು ಇನ್ನೊಂದು.

ಈ ‘ಬಿಡುವುದು’ ಎಂಬ ಮಾತೇ ವಿವಾದಕ್ಕೆ ಬೀಜವಾಯಿತು. 1980ರಲ್ಲಿ ಶಾಲಿಮಾರ್ ರೋಪ್ ವರ್ಕ್ಸ್ ಕಂಪನಿಯ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಸಮನ್ಸನ್ನು ಕಚೇರಿಯ ಸಹಾಯಕನೊಬ್ಬನ ಕೈಗೆ ಕೊಡಲಾಗಿತ್ತು. ಕಂಪನಿ ಹಾಜರಾಗದೆ ಏಕಪಕ್ಷೀಯ ಡಿಕ್ರಿಯಾಗಿತ್ತು. ಕಾರ್ಯದರ್ಶಿಯಾಗಲಿ ನಿರ್ದೇಶಕನಾಗಲಿ ಇರುವನೆ ಎಂದು ಅಮೀನನು ವಿಚಾರಿಸಲಿಲ್ಲ, ಯಾರೂ ರುಜು ಹಾಕಲು ನಿರಾಕರಿಸಿರಲೂ ಇಲ್ಲ. ಆದಕಾರಣ ಸಹಾಯಕನಿಗೆ ಕೊಟ್ಟ ಮಾತ್ರಕ್ಕೆ ಜಾರಿಯಾದಂತಲ್ಲ ಎಂದು ನ್ಯಾಯಾಲಯವು ತೀರ್ಮಾನಿಸಿತು. ಅಧಿಕಾರಿಯನ್ನು ಹುಡುಕಿಯೂ ಸಿಗದಿದ್ದರೆ, ಅಥವಾ ಅವನು ನಿರಾಕರಿಸಿದರೆ, ಆಗ ಕಚೇರಿಯಲ್ಲಿ ಬಿಟ್ಟು ವರದಿ ಮಾಡಬಹುದು.

ಕಂಪನಿಯ ಪಕ್ಷದಲ್ಲಿಯೂ ನ್ಯಾಯವುಂಟು. ಕಾವಲುಗಾರನ ಮೇಜಿನ ಮೇಲೆ ಉಳಿದ ಕಾಗದಕ್ಕಾಗಿ ಯಾರಿಗೂ ದಂಡವಾಗಬಾರದು. ಆದರೆ ಎಲ್ಲವನ್ನೂ ತಿಳಿದೂ ಲೋಪವನ್ನೇ ಆಶ್ರಯಿಸುವವರಿಗೆ 1976ರ ತಿದ್ದುಪಡಿಯು ತಡೆಹಾಕಿತು: ಪ್ರತಿವಾದಿಗೆ ವಿಚಾರಣೆಯ ದಿನವು ಗೊತ್ತಿದ್ದು, ಉತ್ತರಕೊಡಲು ಸಾಕಷ್ಟು ಕಾಲವಿದ್ದರೆ, ಜಾರಿಯಲ್ಲಿನ ಕ್ರಮಲೋಪ ಮಾತ್ರದಿಂದ ಏಕಪಕ್ಷೀಯ ಡಿಕ್ರಿಯು ರದ್ದಾಗಲಾರದು.

ಆದುದರಿಂದ ಗೃಹಸ್ಥರು ಗಮನಿಸತಕ್ಕ ವಿಷಯಗಳು ಕೆಲವುಂಟು. ಊರಿನ ಶಾಖೆಯ ವಿಳಾಸವನ್ನಷ್ಟೇ ನಂಬಬಾರದು. 2013ರ ಕಂಪನಿ ಕಾಯಿದೆಯ 12ನೆಯ ಪ್ರಕರಣದಂತೆ ನೋಂದಾಯಿತ ಕಚೇರಿಯ ವಿಳಾಸವನ್ನು ಕಂಪನಿಯು ತನ್ನ ಪತ್ರಗಳಲ್ಲಿಯೂ ಬಿಲ್ಲುಗಳಲ್ಲಿಯೂ ಮುದ್ರಿಸಬೇಕು. ಹಳೆಯ ಬಿಲ್ಲನ್ನು ಎಸೆಯದಿರುವುದು ಲೇಸು. ಕಚೇರಿಯು ಸ್ಥಳಾಂತರವಾಗಿರಬಹುದಾದ್ದರಿಂದ ಸರ್ಕಾರದ ದಾಖಲೆಯೊಡನೆ ಹೋಲಿಸಿ ನೋಡಬೇಕು. ಸರಿಯಾದ ವಿಳಾಸಕ್ಕೆ ನೋಂದಾಯಿತ ರೀತಿಯಲ್ಲಿ ಹೋದ ಅಂಚೆಯು ತಲಪಿತೆಂದೇ ಕಾನೂನು ಭಾವಿಸುತ್ತದೆ; ಅಲ್ಲವೆಂದು ತೋರಿಸುವ ಹೊಣೆ ಎದುರಾಳಿಯದು. ರಸೀದಿಯನ್ನು ಕಾಪಾಡಬೇಕು. ಅಮೀನನ ವರದಿಯಲ್ಲಿ ಕಾಗದ ಪಡೆದವನ ಹೆಸರೂ ಹುದ್ದೆಯೂ ಇವೆಯೆ ಎಂದು ವಕೀಲರನ್ನು ಕೇಳಿ ತಿಳಿಯಬೇಕು. ಆರಂಭದಲ್ಲಿ ಒಂದು ವಾರದ ಎಚ್ಚರಿಕೆಯು ಮುಂದೆ ಹಲವು ವರ್ಷಗಳ ಅಲೆದಾಟವನ್ನು ತಪ್ಪಿಸುತ್ತದೆ.