ಸೌರಫಲಕ: ದೂರವೂ ಬಣ್ಣವೂ

ಮಾಳಿಗೆಯ ಮೇಲೆ ಸೌರಫಲಕ ಹಾಕಿಸಬೇಕೆಂದಿರುವವರು ಕೇಳುವ ಪ್ರಶ್ನೆಯೊಂದುಂಟು: "ಕಂಬಗಳ ಮೇಲೆ ಇನ್ನೂ ಹತ್ತಡಿ ಎತ್ತರಿಸಿದರೆ ಫಲಕ ಸೂರ್ಯನಿಗೆ ಹತ್ತಿರವಾಗಿ ವಿದ್ಯುತ್ತು ಹೆಚ್ಚು ಬಾರದೆ?" ಕಂಬಕ್ಕೆ ಹಣ ಸುರಿಯುವ ಮುನ್ನ ಇದಕ್ಕೆ ಉತ್ತರ ಕಂಡುಕೊಳ್ಳುವುದು ಲೇಸು.

ಕತ್ತಲ ಕೋಣೆಯಲ್ಲಿ ಒಂದು ಸಣ್ಣ ಬಲ್ಬನ್ನು ಉರಿಸಿ ನೋಡಿ. ಅದರ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತ ಹೋಗುತ್ತದೆ. ಒಂದಡಿ ದೂರದಲ್ಲಿ ಒಂದು ಅಂಗೈಯಗಲ ಬಿದ್ದ ಬೆಳಕು, ಎರಡಡಿಯಲ್ಲಿ ನಾಲ್ಕು ಅಂಗೈಯಗಲಕ್ಕೂ ಮೂರಡಿಯಲ್ಲಿ ಒಂಬತ್ತಕ್ಕೂ ಹಂಚಿಹೋಗುತ್ತದೆ. ದೂರ ಎರಡರಷ್ಟಾದರೆ ಫಲಕದ ಪಾಲಿಗೆ ಬರುವುದು ಕಾಲುಭಾಗ ಮಾತ್ರ. ಇದಕ್ಕೆ ವಿಲೋಮ ವರ್ಗ ನಿಯಮವೆಂದು ಹೆಸರು.

ಸೂರ್ಯನಿಗೂ ಇದೇ ನಿಯಮ. 2011ರಲ್ಲಿ ಅಮೆರಿಕದವರು ಹಾರಿಸಿದ ಜೂನೋ ನೌಕೆ 2016ರಲ್ಲಿ ಗುರುಗ್ರಹವನ್ನು ಸೇರಿತು. ಸೂರ್ಯನಿಂದ ಗುರುವಿಗಿರುವ ದೂರ ನಮಗಿರುವುದರ ಐದು ಪಟ್ಟಿಗಿಂತ ತುಸು ಹೆಚ್ಚು. ಅಲ್ಲಿನ ಬಿಸಿಲು ಇಲ್ಲಿಯದರ ಇಪ್ಪತ್ತೇಳರಲ್ಲಿ ಒಂದು ಪಾಲು. ಭೂಮಿಯ ಬಳಿ ಸುಮಾರು 14,000 ವಾಟ್ ಕೊಡಬಲ್ಲ ಅದರ ಫಲಕಗಳು ಅಲ್ಲಿ ಕೊಟ್ಟದ್ದು ಸುಮಾರು 500 ವಾಟ್. ಆದರೆ ನಮಗೂ ಸೂರ್ಯನಿಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರು. ಅದರಲ್ಲಿ ಹತ್ತಡಿ ಯಾವ ಲೆಕ್ಕ?

ಇನ್ನು ಬಣ್ಣದ ಮಾತು. ಬೆಳಕು ಶಕ್ತಿಯ ಸಣ್ಣ ಸಣ್ಣ ಕಣಗಳಾಗಿ ಬರುತ್ತದೆಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿಕೊಟ್ಟನು. ಫಲಕದ ಸಿಲಿಕಾನಿನಲ್ಲಿ ಒಂದು ಕಣ ಬಿಡಿಸಬಲ್ಲದು ಒಂದೇ ಇಲೆಕ್ಟ್ರಾನನ್ನು. ಹೊಳೆ ದಾಟಿಸಲು ಹತ್ತು ರೂಪಾಯಿ ಕೇಳುವ, ಆದರೆ ಚಿಲ್ಲರೆ ಕೊಡದ ಅಂಬಿಗನನ್ನು ಊಹಿಸಿಕೊಳ್ಳಿ. ಇಪ್ಪತ್ತು ಕೊಟ್ಟರೂ ದಾಟುವವನು ಒಬ್ಬನೇ. ಐದು ಕೊಟ್ಟವನು ದಡದಲ್ಲೇ ಉಳಿಯುತ್ತಾನೆ. ನೀಲಿ ಬೆಳಕಿನ ಕಣ ಹೆಚ್ಚು ಹಣ ತಂದವನಂತೆ. ಅದರ ಮಿಗುತಾಯ ಶಾಖವಾಗಿ ಹೋಗುತ್ತದೆ. ಕೆಂಪಿನಲ್ಲಿ ವ್ಯರ್ಥವಾಗುವುದು ಕಡಿಮೆ. ಕೆಂಪಿನಾಚೆಯ ಕಣ್ಣಿಗೆ ಕಾಣದ ಕಿರಣಗಳಲ್ಲಿ, ಅಲೆಯುದ್ದ ಸುಮಾರು 1,100 ನ್ಯಾನೋಮೀಟರನ್ನು ಮೀರಿದವು ದಡದಲ್ಲೇ ನಿಂತವರಂತೆ ನಿಷ್ಫಲ. ಆದ್ದರಿಂದ ಸಮಾನ ಶಕ್ತಿಯ ಕೆಂಪು, ನೀಲಿ ಬೆಳಕುಗಳನ್ನು ಬೀಳಿಸಿದರೆ ಕೆಂಪಿನಿಂದಲೇ ಹೆಚ್ಚು ವಿದ್ಯುತ್ಪ್ರವಾಹ ದೊರೆಯುತ್ತದೆ.

ಹಾಗೆಂದು ಫಲಕದ ಮೇಲೆ ಕೆಂಪು ಗಾಜು ಹೊದಿಸಬಾರದು. ಬಣ್ಣದ ಗಾಜು ಬೆಳಕನ್ನು ಕೂಡಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆದು ಕಳೆಯುತ್ತದೆ. ಸಂಜೆಯ ಕೆಂಬಿಸಿಲೂ ಹೀಗೆಯೇ: ವಾಯುಮಂಡಲದ ಓರೆದಾರಿಯಲ್ಲಿ ಬಹುಪಾಲನ್ನು ಕಳೆದುಕೊಂಡು ಬಂದ ಬೆಳಕು ಅದು.

'ಬಿಸಿಲು' ಎಂಬ ನಮ್ಮ ಮಾತಿನಲ್ಲಿ 'ಬಿಸಿ' ಸೇರಿಕೊಂಡಿದೆ. ಫಲಕಕ್ಕೆ ಬೇಕಾದುದು ಬೆಳಕು, ಬಿಸಿಯಲ್ಲ. ಕಾವು ಒಂದೊಂದು ಡಿಗ್ರಿ ಏರಿದಂತೆ ಉತ್ಪಾದನೆ ಶೇಕಡಾ 0.3ರಿಂದ 0.5ರಷ್ಟು ಇಳಿಯುತ್ತದೆ. ಆದುದರಿಂದ ಫಲಕದ ಕೆಳಗೆ ಗಾಳಿಯಾಡುವಷ್ಟು ಎಡೆಯಿರಲಿ. ಪಕ್ಕದ ತೆಂಗಿನ ನೆರಳನ್ನು ತಪ್ಪಿಸಲೆಂದು ಎತ್ತರಿಸುವುದಾದರೆ ಆ ಖರ್ಚು ಸಾರ್ಥಕ. ಸೂರ್ಯನ ಸಮೀಪಕ್ಕೆಂದು ಎತ್ತರಿಸುವುದು ದಂಡ. ದಕ್ಷಿಣಕ್ಕೆ ಓರೆಮಾಡಿ ನಿಲ್ಲಿಸಿ, ಧೂಳು ಒರೆಸುತ್ತಿರಿ. ಹದಿನೈದು ಕೋಟಿ ಕಿಲೋಮೀಟರು ನಡೆದು ಬಂದ ಬೆಳಕನ್ನು ಕೊನೆಯ ಗೇಣಿನಲ್ಲಿ ಕಳೆದುಕೊಳ್ಳದಿರುವುದಷ್ಟೇ ನಮ್ಮ ಕೈಯಲ್ಲಿರುವ ಕೆಲಸ.