ಮೋಟರಿಗೆ ಫೋನ್ ಮಾಡಿದರೆ

ಬೈರಮಂಗಲದ ಕೆರೆ ತುಂಬಿದ್ದರೂ ಅದರ ನೀರು ವೃಷಭಾವತಿ ನದಿ ಹೊತ್ತು ತರುವ ಬೆಂಗಳೂರಿನ ಕೊಳಚೆ. ಅದನ್ನು ತೋಟಕ್ಕೆ ಬಿಡಲು ಮನಸ್ಸಾಗದವರಿಗೆ ಬೋರ್‌ವೆಲ್ಲೇ ಗತಿ. ಬೋರ್‌ವೆಲ್ ಇದ್ದರಾಯಿತೇ? ಪಂಪ್‌ಸೆಟ್ಟಿಗೆಂದು ಕೊಡುವ 7 ಗಂಟೆಯ ತ್ರಿಫೇಸ್ ಕರೆಂಟು ಹಗಲಲ್ಲೇ ಬರಬೇಕೆಂದಿಲ್ಲ. ಸರಿರಾತ್ರಿ ಬಂದರೆ ಹಾವು, ಚಿರತೆಯ ಭಯದಲ್ಲೇ ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಬೇಕು. ಈ ಕಷ್ಟಕ್ಕೆ ಹುಟ್ಟಿದ್ದು ಮೊಬೈಲ್ ಸ್ಟಾರ್ಟರ್. ಪುಣೆಯ ಸಂತೋಷ್ ಓಸ್ತವಾಲ್ ಅವರ 'ನ್ಯಾನೋ ಗಣೇಶ್', ಬೆಂಗಳೂರಿನ ವಿನ್‌ಫಿನೆಟ್ ಕಂಪನಿಯ 'ಕಿಸಾನ್ ರಾಜಾ' ಈ ಜಾತಿಯವು. ಮನೆಯಿಂದ ಫೋನ್ ಮಾಡಿದರೆ ಕೆಲವು ಸ್ಟಾರ್ಟರ್ ಪೆಟ್ಟಿಗೆಗಳು ಕರೆ ಎತ್ತಿಕೊಂಡು, ಕರೆಂಟ್ ಇದೆಯೋ ಇಲ್ಲವೋ, ಮೋಟರ್ ಓಡುತ್ತಿದೆಯೋ ಇಲ್ಲವೋ ಎಂದು ಕನ್ನಡದಲ್ಲೇ ವರದಿ ಒಪ್ಪಿಸುತ್ತವೆ.

ಹೀಗೆಯೇ ಕರೆ ಮಾಡಿದವರಿಗೆ ತಾನಾಗಿ ಉತ್ತರಿಸುವ ವಾಯ್ಸ್‌ಮೇಲ್ ನಮ್ಮಲ್ಲಿ ಬೇರೂರಲೇ ಇಲ್ಲ. ಯಂತ್ರ ಕರೆ ಎತ್ತಿದರೂ ಎತ್ತಿದಂತೆಯೇ, ಮೀಟರ್ ಓಡುತ್ತಿತ್ತು. ಬಿಟ್ಟಿ ಮಿಸ್ಡ್ ಕಾಲ್ ಇರುವಾಗ ದುಡ್ಡು ಕೊಟ್ಟು ಗೋಡೆಗೆ ಮಾತಾಡುವವರು ಯಾರಿದ್ದರು? ನನ್ನ ಲೆಕ್ಕದಲ್ಲಿ ಆ ಯಂತ್ರಕ್ಕೆ ನಮ್ಮಲ್ಲಿ ನಿಜವಾದ ಕೆಲಸ ಸಿಕ್ಕಿದ್ದು ತೋಟದ ಪ್ಯಾನಲ್ ಬೋರ್ಡಿನಲ್ಲಿ.

ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಕರೆ ಬಂದಾಗ, ಇನ್ನೂ ಎತ್ತುವ ಮೊದಲೇ, ಕರೆದವರ ನಂಬರು ಅದಕ್ಕೆ ತಲುಪಿಬಿಡುತ್ತದೆ. ಮಾಲೀಕರು ಮೊದಲೇ ನೋಂದಾಯಿಸಿದ ನಂಬರುಗಳ ಜೊತೆ ಅದನ್ನು ತಾಳೆ ನೋಡುತ್ತದೆ. ಗುರುತಿನವರಾದರೆ ಸರಿ, ಅಲ್ಲದಿದ್ದರೆ ಮೋಟರ್ ಮಿಸುಕುವುದಿಲ್ಲ. ನಂಬರು ಮೊದಲೇ ಸಿಗುವುದರಿಂದ ಕೆಲವು ಪೆಟ್ಟಿಗೆಗಳು ಕರೆಯನ್ನು ಎತ್ತುವುದೂ ಇಲ್ಲ. ಮಿಸ್ಡ್ ಕಾಲ್ ನೋಡಿಯೇ ಮೋಟರ್ ಚಾಲೂ ಮಾಡುತ್ತವೆ. ಕಾಸಿಲ್ಲದೆ ಕೆಲಸ!

ಮಾತಾಡುವ ಪೆಟ್ಟಿಗೆಯಲ್ಲಿ ಕೀಲಿ ಒತ್ತಿ ಆಜ್ಞೆ ಕೊಡಬಹುದು. '1' ಒತ್ತಿದರೆ 697 ಮತ್ತು 1209 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಪ್ರತಿ ಕೀಲಿಗೂ ಇಂಥ ಬೇರೆಯೇ ಜೋಡಿ. ಒಂದೇ ಸ್ವರವಾಗಿದ್ದರೆ ಯಾರೋ ಸಿಳ್ಳೆ ಹೊಡೆದರೂ ಯಂತ್ರ ಮೋಸಹೋಗುತ್ತಿತ್ತು. ಉತ್ತರವಾಗಿ ಬರುವ ದನಿ ಮೊದಲೇ ಮುದ್ರಿಸಿಟ್ಟ ತುಣುಕು. ಯಾವುದನ್ನು ನುಡಿಸಬೇಕೆಂದು ನಿರ್ಧರಿಸುವುದು ತಂತಿಗಳ ಅಳತೆ. ಮೂರು ಫೇಸೂ ಇವೆಯೇ, ವೋಲ್ಟೇಜ್ ಸರಿಯಿದೆಯೇ, ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಪೆಟ್ಟಿಗೆ ನೋಡುತ್ತಿರುತ್ತದೆ. ಬೋರ್ ಬತ್ತಿದರೆ ಎತ್ತಲು ನೀರಿಲ್ಲದೆ ಮೋಟರಿನ ಹೊರೆ ಇಳಿದು, ಎಳೆಯುವ ಆಂಪಿಯರ್ ಕೂಡ ಇಳಿಯುತ್ತದೆ. ಅದೇ ಡ್ರೈ ರನ್ನಿನ ಸುಳಿವು. ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡುವುದೇ ಅದರ ಮೈ ಸವರಿ ಹೋಗುವ ನೀರು. ಬರಿದಾಗಿ ಓಡಿದರೆ ವೈಂಡಿಂಗ್ ಸುಟ್ಟು, ರಿಪೇರಿಗೆ ಪೈಪೆಲ್ಲ ಮೇಲೆತ್ತಬೇಕು.

ಮೊಬೈಲ್ ಸ್ಟಾರ್ಟರಿಗಿಂತ ಅಗ್ಗದ ಉಪಾಯ ಆಟೋ ಸ್ಟಾರ್ಟರ್, ಕರೆಂಟು ಬಂದ ಕೂಡಲೇ ತಾನೇ ಮೋಟರ್ ಓಡಿಸುವಂಥದ್ದು. ಅದು ನನಗೆ ಹಿಡಿಸದು. ಶುರುವಾಗುವ ಕ್ಷಣದಲ್ಲಿ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಊರಿನ ಎಲ್ಲ ಆಟೋಗಳೂ ಒಮ್ಮೆಲೇ ಎದ್ದರೆ ಟ್ರಾನ್ಸ್‌ಫಾರ್ಮರ್ ಪಾಡೇನು? ಮೇಲಾಗಿ ನಿನ್ನೆ ನೆನೆದ ಪಾತಿಗೇ ಇವತ್ತೂ ನೀರು.

ಮೊಬೈಲ್ ಸ್ಟಾರ್ಟರಿಗೆ ತಗಲುವ ದೊಡ್ಡ ರೋಗ ರೀಚಾರ್ಜು. ಸಿಮ್ಮಿನ ವ್ಯಾಲಿಡಿಟಿ ಮುಗಿದರೆ ಪೆಟ್ಟಿಗೆ ಸರಿಯಿದ್ದೂ ಮೂಕ. ಡೇಟಾ ಸೇರಿಸದೆ ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನೂ ಮೊಬೈಲ್ ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಸಿನಿಮಾ ನೋಡದ ಮೋಟರಿಗೆ ಅಷ್ಟು ಸಾಕು.